ಗಾಜಿನ ಸುತ್ತಲಿನ ರಿಂಗ್ ನೋಡಿ ಗಡಿಯಾರದ ಜಾತಕ ಹೇಳುವ ಅಂಗಡಿ

ಹಿರಿಯರು ಬಿಟ್ಟುಹೋದ ದುಬಾರಿ ಸ್ವಿಸ್ ಕೈಗಡಿಯಾರ ಮನೆಯ ಕಪಾಟಿನಲ್ಲಿದೆಯೇ? ಅದನ್ನು ಮಾರುವುದೋ, ಇಟ್ಟುಕೊಳ್ಳುವುದೋ, ರಿಪೇರಿ ಮಾಡಿಸುವುದೋ ತಿಳಿಯದೆ ಕುಳಿತಿದ್ದೀರಾ? ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾರಿಗಾದರೂ ಮಾರುವ ಮೊದಲು, ಅದಕ್ಕಿಂತ ಮುಖ್ಯವಾಗಿ ಯಾರ ಕೈಯಿಂದಲಾದರೂ ಪಾಲಿಶ್ ಮಾಡಿಸುವ ಮೊದಲು, ಹುಬ್ಬಳ್ಳಿಯ ದಾಜಿಬಾನ ಪೇಟೆಯ ಒಂದು ಸಣ್ಣ ಗಡಿಯಾರದ ಅಂಗಡಿಗೆ ಹೋಗಿ ಬನ್ನಿ. ಅಲ್ಲಿ ಕುಳಿತಿರುವ ಹಿರಿಯರು ಗಾಜಿನ ಸುತ್ತ ಇರುವ ರಿಂಗನ್ನು, ಅಂದರೆ ಬೆಜೆಲನ್ನು ನೋಡಿ ಗಡಿಯಾರ ಯಾವ ಕಾಲದ್ದು, ಯಾವ ಲೋಹದ್ದು, ಯಾರು ಎಲ್ಲಿ ಕೈಯಾಡಿಸಿದ್ದಾರೆ ಎಂದು ಹೇಳುತ್ತಾರೆ. ಹೇಳಿದ್ದಕ್ಕೆ ಕಾರಣವನ್ನೂ ಕೊಡುತ್ತಾರೆ. ನಮ್ಮ ಭಾಗದಲ್ಲಿ ಇಷ್ಟು ಬಲ್ಲವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಡಿಯ ಹೆಸರು ಹಾಕಬೇಡಿ, ಬಂದ ಕೆಲಸವೇ ಕೈ ಮೀರಿದೆ ಎಂದು ಅವರು ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕಿಲ್ಲ. ದುರ್ಗದಬೈಲಿನ ಕಡೆಯಿಂದ ಪೇಟೆಯೊಳಗೆ ಬಂದು, ಹಳೆಯ ಗಡಿಯಾರ ನೋಡುವ ಚಾಚಾ ಎಲ್ಲಿ ಎಂದು ಕೇಳಿದರೆ ಸಾಕು. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ಕಾರು ತರಬೇಡಿ, ಅಲ್ಲಿ ಸೈಕಲ್ ನಿಲ್ಲಿಸುವುದಕ್ಕೂ ಜಾಗ ಹುಡುಕಬೇಕು. ಒಂದು ಮೇಜು, ಬಗ್ಗಿಸಬಹುದಾದ ಒಂದು ದೀಪ, ಗಿರಾಕಿಗೆ ಒಂದು ಸ್ಟೂಲ್: ಅಂಗಡಿ ಎಂದರೆ ಇಷ್ಟೇ.

ನಾನು ಗದಗಿನಲ್ಲಿ ಹುಡುಗರಿಗೆ ಲೇತ್ ಕೆಲಸ ಕಲಿಸುತ್ತೇನೆ. ಲೋಹ ಕತ್ತರಿಸುವುದು ನನ್ನ ಅನ್ನ. ಆದರೂ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಬಂದ ನನ್ನ ಕಾಕಾ ತೀರಿಕೊಂಡ ಮೇಲೆ ಕಾಕು ನನ್ನ ಕೈಗಿಟ್ಟ ನಾಲ್ಕು ಗಡಿಯಾರಗಳ ಬಗ್ಗೆ ನನಗೆ ಹೆಚ್ಚೇನೂ ತಿಳಿದಿರಲಿಲ್ಲ. ರೋಲೆಕ್ಸ್ ಡೇಟ್‌ಜಸ್ಟ್ ಒಂದು, ಚಿನ್ನದ ಬಣ್ಣದ ಒಮೆಗಾ ಸೀಮಾಸ್ಟರ್ ಒಂದು, ಫಾವ್ರ್ ಲ್ಯೂಬಾ ಒಂದು, ರಾಡೋ ಡಯಾಸ್ಟಾರ್ ಒಂದು. ಇನ್ನೊಂದು ಊರಿನ ದೊಡ್ಡ ಷೋರೂಮಿನಲ್ಲಿ ಡೇಟ್‌ಜಸ್ಟನ್ನು ತೋರಿಸಿದಾಗ ಅಲ್ಲಿನವರು ಅರೆಕ್ಷಣ ನೋಡಿ, ‘ಇದರ ರಿಂಗ್ ಕಂಪನಿಯದ್ದಲ್ಲ, ಅಸಲಿ ರೋಲೆಕ್ಸಿನ ರಿಂಗ್ ಚಿನ್ನದ್ದಿರುತ್ತದೆ, ನಾವೇ ಬದಲಿಸಿ ಕೊಡುತ್ತೇವೆ’ ಎಂದಿದ್ದರು. ಕಾಕಾ ಮೋಸ ಹೋಗಿದ್ದರೇ ಎಂಬ ಮಾತು ಕಾಕುವಿನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. ಚಾಚಾ ಬಳಿಗೆ ನಾನು ಹೋದದ್ದು ಆ ಮುಳ್ಳನ್ನು ತೆಗೆಸಲು.

ಅವರು ಗಡಿಯಾರವನ್ನು ಕೈಗೆತ್ತಿಕೊಂಡು ಮೊದಲು ಡಯಲನ್ನಾಗಲಿ ಹಿಂಬದಿಯನ್ನಾಗಲಿ ನೋಡಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ದೀಪವನ್ನು ಪಕ್ಕಕ್ಕೆ ಬಾಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ ರಿಂಗನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ನಂತರ ನನ್ನ ಕೈಗೆ ಭೂತಗನ್ನಡಿ ಕೊಟ್ಟು, ‘ಮಾಸ್ತರ್ರೇ, ನೀವು ಲೇತಿನವರು, ನೀವೇ ನೋಡಿ ಹೇಳಿ. ಗೀರುಗಳು ಒಂದೇ ಸಮ ಇವೆಯೇ?’ ಎಂದರು. ಇರಲಿಲ್ಲ. ಸೂಕ್ಷ್ಮ ಗೀರುಗಳ ಒಂದು ಗುಂಪು, ಆಮೇಲೆ ಗೀರಿಲ್ಲದ ಒಂದು ಕಿರಿದಾದ ಸಮತಟ್ಟು, ಮತ್ತೆ ಗುಂಪು. ಆ ಸಮತಟ್ಟುಗಳು ಸರಿಯಾಗಿ ಗಂಟೆಯ ಗುರುತುಗಳ ನೇರಕ್ಕೆ ಹನ್ನೆರಡು ಕಡೆ ಬರುತ್ತವೆ. ಇದಕ್ಕೆ ಎಂಜಿನ್ ಟರ್ನ್ಡ್ ಬೆಜೆಲ್ ಎನ್ನುತ್ತಾರೆ. ಡೇಟ್‌ಜಸ್ಟ್‌ಗೆ ರೋಲೆಕ್ಸ್ ಕಂಪನಿಯೇ ಹಾಕುತ್ತಿದ್ದ ಉಕ್ಕಿನ ರಿಂಗ್ ಅದು.

ಬಾಯಿಮಾತಿಗೆ ಬಿಡದೆ ಸಾಕ್ಷಿಯನ್ನೂ ತೋರಿಸಿದರು. ಪಟ್ಟಿಯನ್ನು ಬಿಚ್ಚಿದರೆ ಹನ್ನೆರಡರ ಕಡೆ, ಪಟ್ಟಿ ಸಿಕ್ಕಿಸುವ ಎರಡು ಕಿವಿಗಳ ನಡುವೆ ಮಾದರಿಯ ಸಂಖ್ಯೆ, ಆರರ ಕಡೆ ಕ್ರಮಸಂಖ್ಯೆ ಕೊರೆದಿರುತ್ತದೆ. ನಮ್ಮದರಲ್ಲಿ 1603 ಎಂದಿತ್ತು. ಅದೇ ಪೀಳಿಗೆಯಲ್ಲಿ 1600 ಎಂದರೆ ನುಣುಪು ರಿಂಗ್. 1601 ಎಂದರೆ ತ್ರಿಕೋನದ ಏಣುಗಳು ಒತ್ತೊತ್ತಾಗಿ ಸುತ್ತುಗಟ್ಟಿದ ಫ್ಲೂಟೆಡ್ ರಿಂಗ್. 1603 ಎಂದರೆ ನಮ್ಮ ಈ ಉಕ್ಕಿನ ಎಂಜಿನ್ ಟರ್ನ್ಡ್. ಷೋರೂಮಿನವರ ಮಾತಿನಲ್ಲಿ ಅರ್ಧ ನಿಜವಿತ್ತು: ಡೇಟ್‌ಜಸ್ಟ್‌ನ ಫ್ಲೂಟೆಡ್ ರಿಂಗನ್ನು ರೋಲೆಕ್ಸ್ ಚಿನ್ನದಲ್ಲೇ ಮಾಡುತ್ತದೆ, ಉಕ್ಕಿನ ಗಡಿಯಾರಕ್ಕೆ ಬಿಳಿ ಚಿನ್ನದ್ದು ಹಾಕುತ್ತದೆ. ಆದರೆ ಎಲ್ಲ ಡೇಟ್‌ಜಸ್ಟ್‌ಗೂ ಫ್ಲೂಟೆಡ್ ರಿಂಗ್ ಇರುವುದಿಲ್ಲ. ಅವರ ಮಾತು ಕೇಳಿ ಬದಲಿಸಿದ್ದರೆ ಕಂಪನಿಯ ಅಸಲಿ ರಿಂಗ್ ಹೋಗಿ, 1603 ಎಂದು ಕೊರೆದ ಮೈಯ ಮೇಲೆ ಅದಕ್ಕೆ ಸೇರದ ರಿಂಗ್ ಕುಳಿತಿರುತ್ತಿತ್ತು. ತಿಳಿದ ಯಾವ ಕೊಳ್ಳುವವನೂ ಅದನ್ನು ಮರುಕ್ಷಣವೇ ಹಿಡಿಯುತ್ತಾನೆ. ಉಕ್ಕಿನಲ್ಲಿ ಮಾಡಿದ ನಕಲಿ ಫ್ಲೂಟೆಡ್ ರಿಂಗ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ನಮ್ಮ ಗಡಿಯಾರಕ್ಕೆ ಅವರು ಯಾವುದನ್ನು ಹಾಕುತ್ತಿದ್ದರೋ ದೇವರೇ ಬಲ್ಲ.

ಮನೆಗೆ ಫೋನ್ ಮಾಡಿ ಕಾಕುವಿಗೆ ಹೇಳಿದೆ. ಆ ಒಂದು ಮಾತಿಗೇ ನಾನು ಈ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ.

ಫ್ಲೂಟೆಡ್ ರಿಂಗಿನ ಮೂಲದ ಕಥೆ ನನ್ನಂಥ ಕಾರ್ಖಾನೆಯ ಮನುಷ್ಯನಿಗೆ ಬಹಳ ಹಿಡಿಸಿತು. 1926ರಲ್ಲಿ ರೋಲೆಕ್ಸ್ ಆಯ್‌ಸ್ಟರ್ ಬಂದಾಗ ಆ ಏಣುಗಳು ಅಲಂಕಾರಕ್ಕೆ ಇದ್ದವಲ್ಲ. ನೀರು ಹೋಗದಂತೆ ರಿಂಗನ್ನು ಮೈಗೆ ತಿರುಪಿನ ಹಾಗೆ ಬಿಗಿಯಬೇಕಿತ್ತು. ಬಿಗಿಯುವ ಉಪಕರಣಕ್ಕೆ ಹಿಡಿತ ಸಿಗಲೆಂದು ಏಣು ಕೊರೆದರು. ಮುಂದೆ ಬಿಗಿಯುವ ವಿಧಾನ ಬದಲಾಯಿತು, ಏಣುಗಳು ಚೆಲುವಿಗಾಗಿ ಉಳಿದುಕೊಂಡವು. 1945ರಲ್ಲಿ ಬಂದ ಡೇಟ್‌ಜಸ್ಟ್‌ಗೂ 1956ರ ಡೇ-ಡೇಟ್‌ಗೂ ಅವೇ ಗುರುತಾದವು. ನನ್ನ ವಿದ್ಯಾರ್ಥಿಗಳಿಗೆ ನರ್ಲಿಂಗ್ ಕಲಿಸುವಾಗ ಈಗ ಇದನ್ನೇ ಹೇಳುತ್ತೇನೆ. ನರ್ಲಿಂಗಿನಲ್ಲಿ ಗಟ್ಟಿ ಚಕ್ರವನ್ನು ಒತ್ತಿ ಲೋಹವನ್ನು ಉಬ್ಬಿಸುತ್ತೇವೆ, ಇಲ್ಲಿ ಒಂದೊಂದು ಏಣನ್ನೂ ಕತ್ತರಿಸಿ ತೆಗೆದಿರುತ್ತಾರೆ. ಆದ್ದರಿಂದಲೇ ಏಣಿನ ತುದಿ ಚೂಪಾಗಿರುತ್ತದೆ, ಗಡಿಯಾರವನ್ನು ವಾಲಿಸಿದಾಗ ಒಂದೊಂದು ಮುಖವೂ ಬೇರೆ ಬೇರೆಯಾಗಿ ಮಿಂಚುತ್ತದೆ. ಪಾಲಿಶ್ ಮಾಡುವ ಬಫ್ ಚಕ್ರಕ್ಕೆ ಒಮ್ಮೆ ಹಿಡಿದರೆ ಆ ಚೂಪು ಹೋಯಿತು, ಮತ್ತೆ ಬರುವುದಿಲ್ಲ. ಪಾಲಿಶ್ ಮಾಡಿಕೊಡಿ ಎಂದು ಬಂದವರನ್ನು ಚಾಚಾ ವಾಪಸ್ ಕಳಿಸುವುದನ್ನು ನಾನೇ ನೋಡಿದ್ದೇನೆ. ದುಡ್ಡು ಬರುವ ಕೆಲಸವನ್ನು ಬೇಡ ಎನ್ನುವ ಅಂಗಡಿಕಾರನ ಮೇಲೆ ನನಗೆ ತಾನಾಗಿಯೇ ವಿಶ್ವಾಸ ಹುಟ್ಟುತ್ತದೆ.

ಒಮೆಗಾ ವಿಷಯದಲ್ಲಿ ಮನೆಯವರೆಲ್ಲ ಅದು ಅಪ್ಪಟ ಚಿನ್ನದ್ದೆಂದೇ ನಂಬಿದ್ದರು. ಚಾಚಾ ಅದನ್ನು ತಿರುಗಿಸಿ ಕಿವಿಗಳ ಒಳಬದಿಯನ್ನು ತೋರಿಸಿದರು. ಹಳದಿ ಲೋಹ ಒಂದು ನೇರ ಗೆರೆಯಲ್ಲಿ ನಿಂತು, ಅದರ ಕೆಳಗೆ ಉಕ್ಕಿನ ಬಿಳುಪು ಶುರುವಾಗುತ್ತದೆ. ಇದು ನೀರಿನಲ್ಲಿ ಅದ್ದಿ ಲೇಪಿಸಿದ್ದಲ್ಲ, ಉಕ್ಕಿನ ಮೈ ಮೇಲೆ ಚಿನ್ನದ ದಪ್ಪ ಹಾಳೆಯನ್ನು ಟೋಪಿಯ ಹಾಗೆ ಹೊದಿಸಿದ್ದು. ಹಿಂಬದಿ ತೆರೆದಾಗ ಒಳಗೆ ಮಾದರಿಯ ಸಂಖ್ಯೆಯ ಮುಂದೆ ಕೆಒ ಎಂಬ ಅಕ್ಷರಗಳಿದ್ದವು. ಆ ಕಾಲದ ಒಮೆಗಾದಲ್ಲಿ ಹೊದಿಕೆಯ ಚಿನ್ನಕ್ಕೆ ಆ ಗುರುತು, ಉಕ್ಕಿಗೆ ಸಿಕೆ. ಅಪ್ಪಟ 18 ಕ್ಯಾರಟ್ ಆಗಿದ್ದರೆ ಸ್ವಿಸ್ ಸರ್ಕಾರದ ಮುದ್ರೆ ಇರಬೇಕಿತ್ತು. 1995ರವರೆಗೆ ಹೆಲ್ವೀಷಿಯಾ ಎಂಬ ಸ್ತ್ರೀಯ ತಲೆ, ಆಮೇಲೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ. 14 ಕ್ಯಾರಟ್‌ಗೆ ಹಿಂದೆ ಅಳಿಲು. ಈ ಮುದ್ರೆಗಳು ಎಷ್ಟು ಚಿಕ್ಕವೆಂದರೆ ಬರಿಗಣ್ಣಿಗೆ ಚುಕ್ಕೆಯಷ್ಟೇ ಕಾಣುತ್ತವೆ.

ಸರಾಫ ಕಟ್ಟೆಯಲ್ಲಿರುವ ಕ್ಯಾರಟ್ ನೋಡುವ ಯಂತ್ರಕ್ಕೆ ಹಾಕಿಸಿದರೆ ಆಗದೇ ಎಂದು ಕೇಳಿದೆ. ಆ ಯಂತ್ರ ಎಕ್ಸ್-ಕಿರಣ ಬಿಟ್ಟು ಮೇಲ್ಮೈಯನ್ನಷ್ಟೇ ಓದುತ್ತದೆ, ಹೊದಿಕೆ ದಪ್ಪವಿದ್ದರೆ ಒಳಗೆ ಏನಿದೆಯೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಒರೆಗಲ್ಲಿಗೆ ಉಜ್ಜಿದರೂ ಅದೇ ಗತಿ, ಜೊತೆಗೆ ಒಂದು ಗಾಯ ಉಳಿಯುತ್ತದೆ. ಚಾಚಾ ನಂಬುವುದು ಸವೆತವನ್ನು. ಅಂಗಿಯ ತೋಳು ಉಜ್ಜುವ ರಿಂಗಿನ ಹೊರ ಅಂಚು, ಕೀಲಿ ಕೊಡುವ ಗುಂಡಿಯ ಅಕ್ಕಪಕ್ಕ, ಕಿವಿಗಳ ತುದಿ: ಈ ಮೂರು ಕಡೆ ಚಿನ್ನ ಮೊದಲು ಹೋಗುತ್ತದೆ. ಅಡಿಯಲ್ಲಿ ಹಿತ್ತಾಳೆ ಇದ್ದರೆ ಕೆಂಪು ಮಿಶ್ರಿತ ಹಳದಿ ಕಾಣುತ್ತದೆ, ಬೆವರು ಕುಡಿದಲ್ಲಿ ಹಸಿರು ಕಟ್ಟಿರುತ್ತದೆ. ಕೆಲವದರ ಹಿಂಬದಿಯಲ್ಲಿ 20 ಮೈಕ್ರಾನ್ ಎಂದು ಚಿನ್ನದ ಲೇಪದ ದಪ್ಪವನ್ನು ಬರೆದಿರುತ್ತಾರೆ. ನಮ್ಮ ವರ್ಕ್‌ಷಾಪಿನ ಮೈಕ್ರೊಮೀಟರಿನಲ್ಲಿ ಒಂದು ಗೆರೆ ಎಂದರೆ 0.01 ಮಿಲಿಮೀಟರ್, 20 ಮೈಕ್ರಾನ್ ಎಂದರೆ ಅಂಥ ಎರಡು ಗೆರೆ. ಬಫ್ ಚಕ್ರದ ಮುಂದೆ ಎರಡು ಗೆರೆ ಎಷ್ಟು ಹೊತ್ತು ತಾಳೀತು?

ಫಾವ್ರ್ ಲ್ಯೂಬಾದ ಹಿಂಬದಿಯಲ್ಲಿ ಫ್ರೆಂಚ್ ಬರಹವಿತ್ತು. ‘ಫಾಂ ಅಸ್ಯೇ ಇನಾಕ್ಸಿಡಾಬ್ಲ್’ ಎಂದಿದ್ದರೆ ಉಕ್ಕಿನದು ಹಿಂಬದಿಯ ಮುಚ್ಚಳ ಮಾತ್ರ. ಇಂಗ್ಲಿಷಿನಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದು ಬರೆದಿದ್ದರೂ ಅಷ್ಟೇ. ನಮ್ಮದರಲ್ಲಿ ಮೈಯೂ ರಿಂಗೂ ಕ್ರೋಮ್ ಲೇಪಿಸಿದ ಹಿತ್ತಾಳೆ. ಅಮೆರಿಕದ ಅಗ್ಗದ ಗಡಿಯಾರಗಳಲ್ಲಿ ‘ಬೇಸ್ ಮೆಟಲ್ ಬೆಜೆಲ್’ ಎಂದು ನೇರವಾಗಿಯೇ ಒಪ್ಪಿಕೊಂಡಿರುತ್ತಾರಂತೆ. ಉಕ್ಕು ಎಂದು ಬರೆದಿದೆಯಲ್ಲ ಎಂದು ಮಾರುವವರು ತೋರಿಸಿದರೆ ಯಾವುದು ಉಕ್ಕು ಎಂದು ತಿರುಗಿ ಕೇಳಿ. ಕ್ರೋಮ್ ಎದ್ದು ಸಣ್ಣ ಸಣ್ಣ ಗುಳಿ ಬಿದ್ದ ನಮ್ಮ ರಿಂಗಿಗೆ ಹೊಸ ಲೇಪ ಹಾಕಿಸುವುದು ಬೇಡ ಎಂದರು. ಲೇಪಕ್ಕೆ ಮುಂಚೆ ಉಜ್ಜಲೇಬೇಕು, ಉಜ್ಜಿದರೆ ಅಂಚುಗಳು ಮೊಂಡಾಗುತ್ತವೆ.

ರಾಡೋ ಬಗ್ಗೆ ನಮ್ಮ ಕಡೆ ಹೇಳಬೇಕಾದದ್ದೇ ಇಲ್ಲ. ಒಂದು ಕಾಲಕ್ಕೆ ಕೊಲ್ಲಿಯಿಂದ ಬಂದವರ ಕೈಯಲ್ಲೂ, ಮದುವೆಯಲ್ಲಿ ಅಳಿಯನ ಕೈಯಲ್ಲೂ ಅದೇ ಇರುತ್ತಿತ್ತು. ಕಾಕಾ ಅದನ್ನು ಎಂಜಿನ್ ಕೋಣೆಯಲ್ಲೂ ಕಟ್ಟುತ್ತಿದ್ದರಂತೆ, ಆದರೂ ಗೀರಿಲ್ಲ. ಡಯಾಸ್ಟಾರ್ 1962ರಲ್ಲಿ ಬಂತು. ಅದರ ಮೇಲಿನ ಅಂಡಾಕಾರದ ಭಾಗ ಟಂಗ್‌ಸ್ಟನ್ ಕಾರ್ಬೈಡ್, ಗಾಜು ಕೃತಕ ನೀಲಮಣಿಯ ಹರಳು. ಟಂಗ್‌ಸ್ಟನ್ ಕಾರ್ಬೈಡ್ ಎಂದಾಗ ನಾನು ಹಿಗ್ಗಿದೆ. ಲೇತಿನಲ್ಲಿ ಉಕ್ಕನ್ನು ಕತ್ತರಿಸಲು ನಾವು ಬಳಸುವ ಟೂಲಿನ ತುದಿ ಅದೇ ವಸ್ತು! ಹಾಗೆಂದೇ ಅದರ ಸ್ವಭಾವವೂ ನನಗೆ ಗೊತ್ತು. ಗೀರು ಬೀಳದು, ಆದರೆ ಕಲ್ಲಿನ ನೆಲದ ಮೇಲೆ ಬಿದ್ದರೆ ಬಾಗುವ ಬದಲು ಚಕ್ಕೆ ಏಳುತ್ತದೆ. ರಾಡೋ ಮೇಲೆ ಚಕ್ಕೆ ಎದ್ದಿದ್ದರೆ ತುಂಬಿಸುತ್ತೇವೆ ಎನ್ನುವವರ ಮಾತು ನಂಬಬೇಡಿ.

ನಾನು ಅಲ್ಲಿದ್ದಾಗಲೇ ಕೇಶ್ವಾಪುರದ ಒಬ್ಬರು ಕೆಂಪು-ನೀಲಿ ರಿಂಗಿನ ರೋಲೆಕ್ಸ್ ಜಿಎಂಟಿ ಮಾಸ್ಟರ್ ತಂದಿದ್ದರು. ಬಣ್ಣ ಮಾಸಿದೆ, ಹೊಸ ರಿಂಗ್ ತರಿಸಿ ಎನ್ನುವುದು ಅವರ ಬೇಡಿಕೆ. ಆ ಬಣ್ಣವನ್ನು ನಾನು ಮರೆಯಲಾರೆ. ಕೆಂಪು ಹೋಗಿ ದಾಳಿಂಬೆಯ ಎಳೆಕಾಳಿನ ಬಣ್ಣಕ್ಕೆ ಬಂದಿತ್ತು, ನೀಲಿ ಬೂದಿಗೆ ತಿರುಗಿತ್ತು, ಎರಡೂ ಸೇರುವ ಕಡೆ ಗಡಿ ಮಾತ್ರ ಇನ್ನೂ ಖಡಕ್ಕಾಗಿತ್ತು. ಚಾಚಾ ಅವರನ್ನು ಕೂರಿಸಿಕೊಂಡು ವಿವರಿಸಿದರು. ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಯ ಪೈಲಟ್‌ಗಳಿಗೆ ಎರಡು ಊರಿನ ಸಮಯ ಏಕಕಾಲಕ್ಕೆ ತಿಳಿಯಲೆಂದು ರೋಲೆಕ್ಸ್ ಈ ಮಾದರಿ ಮಾಡಿತು. ಅದಕ್ಕೇ ರಿಂಗಿನ ಮೇಲೆ 24 ಗಂಟೆಯ ಅಂಕಿಗಳು. 1950ರ ದಶಕದ ಮೊದಲ ಮಾದರಿ 6542ರ ರಿಂಗಿನ ಮುಖ ಬೇಕಲೈಟ್ ಎಂಬ ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್, ಅಂಕಿಗಳಲ್ಲಿ ಕತ್ತಲಲ್ಲಿ ಹೊಳೆಯುವ ರೇಡಿಯಂ. ಬೇಕಲೈಟ್ ಬಿರುಕು ಬಿಡುತ್ತಿತ್ತು, ಹಾಗಾಗಿ ಕೆಲವೇ ವರ್ಷಗಳಲ್ಲಿ ಬಣ್ಣ ಏರಿಸಿದ ಅಲ್ಯೂಮಿನಿಯಂ ಬಿಲ್ಲೆಗೆ ಬದಲಾಯಿಸಿದರು. 1959ರಿಂದ ಬಂದ 1675ರಲ್ಲಿ ಇರುವುದು ಅದೇ. ಬಿಸಿಲು ಅದನ್ನು ಮಾಸಿಸುತ್ತದೆ, ಒಂದರ ಹಾಗೆ ಇನ್ನೊಂದು ಮಾಸುವುದಿಲ್ಲ, ಸಂಗ್ರಾಹಕರು ಆ ಮಾಸಲಿಗೇ ಹೆಚ್ಚು ಬೆಲೆ ಕೊಡುತ್ತಾರೆ. 2005ರಿಂದ ಈಚೆಗೆ ರೋಲೆಕ್ಸ್ ಸೆರಾಮಿಕ್ ಬಳಸತೊಡಗಿತು, ಅದು ಮಾಸುವುದೇ ಇಲ್ಲ. ‘ಹೊಸದು ಬೇಕೇ ಬೇಕೆಂದರೆ ಹಾಕೋಣ, ಹಳೆಯ ಬಿಲ್ಲೆಯನ್ನು ಪೊಟ್ಟಣ ಕಟ್ಟಿ ಕೊಡುತ್ತೇನೆ, ತಿಜೋರಿಯಲ್ಲಿ ಇಡಿ’ ಎಂದರು. ಬಂದವರು ಹಾಗೆಯೇ ಕೈಗೆ ಕಟ್ಟಿಕೊಂಡು ಹೋದರು.

ತಿರುಗುವ ರಿಂಗ್‌ಗಳ ಬಗ್ಗೆಯೂ ಅವರಿಂದ ಕೇಳಿ ತಿಳಿಯುವಂಥದ್ದು ಬಹಳವಿದೆ. 1953ರ ಬ್ಲಾಂಪಾ ಫಿಫ್ಟಿ ಫ್ಯಾದಮ್ಸ್, ಅದೇ ವರ್ಷದ ರೋಲೆಕ್ಸ್ ಸಬ್‌ಮರೀನರ್ ಇವೆಲ್ಲ ನೀರಿನೊಳಗೆ ಕಳೆದ ಹೊತ್ತನ್ನು ರಿಂಗಿನಿಂದ ಅಳೆಯಲೆಂದು ಮುಳುಗುಗಾರರಿಗೆ ಮಾಡಿದವು. ಈಗಿನವು ಒಂದೇ ದಿಕ್ಕಿಗೆ ತಿರುಗುತ್ತವೆ. ಅಕಸ್ಮಾತ್ ತಾಗಿ ಸರಿದರೂ ನೀರಿನೊಳಗೆ ಕಳೆದ ಹೊತ್ತು ಹೆಚ್ಚೆಂದು ತೋರಿಸೀತೇ ಹೊರತು ಕಡಿಮೆಯೆಂದು ತೋರಿಸದು. ಹಳೆಯ ಸಬ್‌ಮರೀನರ್ ಎರಡೂ ಕಡೆ ತಿರುಗುತ್ತದೆ. ಅದು ಕೆಟ್ಟಿದೆ ಎಂದು ಬಗೆದು ಯಾರೂ ‘ಸರಿ’ ಮಾಡಿಸಬಾರದು. ಇನ್ನು ವೇಗದ ಅಂಕಿಗಳಿರುವ ಟ್ಯಾಕಿಮೀಟರ್ ರಿಂಗ್ 1957ರ ಒಮೆಗಾ ಸ್ಪೀಡ್‌ಮಾಸ್ಟರಿನಲ್ಲಿ ಬಂತು; ಮೊದಲು ಉಕ್ಕಿನಲ್ಲೇ ಕೊರೆದದ್ದು, 1959ರಿಂದ ಕಪ್ಪು ಅಲ್ಯೂಮಿನಿಯಂ. ಹಳೆಯ ಕಪ್ಪು ರಿಂಗಿನಲ್ಲಿ 90ರ ಚುಕ್ಕೆ ಅಂಕಿಯ ಮೇಲ್ಗಡೆ ಇರುತ್ತದೆ, ನಂತರದ್ದರಲ್ಲಿ ಪಕ್ಕಕ್ಕೆ ಇಳಿದಿದೆ. ಆ ಒಂದು ಚುಕ್ಕೆಗೆ ಜನ ದೊಡ್ಡ ಮೊತ್ತ ಕೊಡುತ್ತಾರೆ. ವೇಗದ ಲೆಕ್ಕ ಸುಲಭ: 3600ನ್ನು ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡುಗಳಿಂದ ಭಾಗಿಸುವುದು. ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ 45 ಸೆಕೆಂಡು ಹಿಡಿದರೆ ಗಂಟೆಗೆ 80 ಕಿ.ಮೀ. ವೇಗ, ರಿಂಗಿನ ಮೇಲೆ ಮುಳ್ಳು ಅದೇ ಅಂಕಿಯ ಎದುರು ನಿಲ್ಲುತ್ತದೆ.

ಈಗ ಕೆಲಸದ ಮಾತು. ಡೇಟ್‌ಜಸ್ಟ್‌ನ ಪ್ಲಾಸ್ಟಿಕ್ ಗಾಜು ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಲು ರಿಂಗನ್ನು ಎಬ್ಬಿಸಲೇಬೇಕು, ಏಕೆಂದರೆ ಗಾಜನ್ನು ಮೈಗೆ ಒತ್ತಿ ಹಿಡಿದಿರುವುದೇ ರಿಂಗ್. ಮೈ ಮತ್ತು ರಿಂಗಿನ ನಡುವೆ ಚಾಕು ಹಾಕುವ ಮೊದಲು ಅವರು ತೆಳು ಪ್ಲಾಸ್ಟಿಕ್ ಹಾಳೆಯ ಚೂರನ್ನು ಮೈ ಮೇಲೆ ಹಾಸಿದರು. ಒಂದೇ ಕಡೆ ಮೀಟದೆ, ಸುತ್ತ ಅಲ್ಲಲ್ಲಿ ಕೂದಲೆಳೆಯಷ್ಟು ಎಬ್ಬಿಸುತ್ತ ಬಂದರು. ರಿಂಗ್ ಕೈಗೆ ಬಂದಾಗ ಅದರಡಿ ಬೆವರು, ಸಾಬೂನು, ಧೂಳು ಸೇರಿ ಗಟ್ಟಿಯಾದ ಕಪ್ಪು ಬಳೆಯೇ ಇತ್ತು. ಅದನ್ನು ಮರದ ಕಡ್ಡಿಯ ತುದಿಯಿಂದ ಬಿಡಿಸಿದರು, ಲೋಹದ ಮೊನೆ ತಾಗಿಸಲಿಲ್ಲ. ಕೆಳಗೆ ಮೈಯಲ್ಲಿ ಕೆಲವು ಗುಳಿಗಳು ಕಂಡವು. ನೀರು ನಿಂತು ಉಕ್ಕನ್ನು ತಿಂದದ್ದು. ಫೋಟೊ ತೆಗೆದುಕೊಳ್ಳಿ, ಮುಂದೆ ನಾನು ಮಾಡಿದ್ದೆಂದು ಅನ್ನಬಾರದು ಎಂದರು. ಹೊಸ ಗಾಜು ಕೂರಿಸಿ ರಿಂಗ್ ಒತ್ತುವಾಗ ಆ ಹನ್ನೆರಡು ಸಮತಟ್ಟುಗಳು ಡಯಲಿನ ಗುರುತುಗಳಿಗೆ ನೇರ ಬರುವವರೆಗೆ ಬಿಡಲಿಲ್ಲ. ಒಮ್ಮೆ ಎಳೆಯಷ್ಟು ಓರೆ ಕಂಡಿತೆಂದು ಮತ್ತೆ ಎಬ್ಬಿಸಿ ಕೂರಿಸಿದರು. ನನಗೆ ಆ ಓರೆ ಕಂಡಿರಲಿಲ್ಲ.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಒಮೆಗಾ ಸರ್ವಿಸ್‌ಗೆ ವಾರ ಎಂದಿದ್ದರು, ಒಂದು ತಿಂಗಳಿಗೂ ಮೇಲಾಯಿತು. ಫೋನ್ ಎತ್ತುವುದು ಅಪರೂಪ. ನೀರಿನ ಒತ್ತಡ ಪರೀಕ್ಷಿಸುವ ಯಂತ್ರವಿಲ್ಲ, ಆದ್ದರಿಂದ ಅಲ್ಲಿ ತೆರೆಸಿದ ಗಡಿಯಾರವನ್ನು ಆಮೇಲೆ ನೀರಿಗೆ ತಾಗಿಸಬೇಡಿ. ಬಿಡಿ ರಿಂಗ್‌ಗಳನ್ನೆಲ್ಲ ಹಳೆಯ ಪೇಢೆ ಡಬ್ಬಿಗಳಲ್ಲಿ ತುಂಬಿಟ್ಟಿದ್ದಾರೆ, ಬೇಕಾದ್ದು ಸಿಗಬೇಕಾದರೆ ಎಲ್ಲವನ್ನೂ ಮೇಜಿನ ಮೇಲೆ ಸುರಿಯಬೇಕು. ಇಷ್ಟು ಬೆಲೆಯ ವಸ್ತುಗಳಿಗೆ ಇದು ಸಲ್ಲದು, ಒಂದು ಖಾನೆಗಳ ಪೆಟ್ಟಿಗೆ ತರಿಸಿ ಎಂದು ಅವರಿಗೂ ಹೇಳಿದ್ದೇನೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ಅವರು ಏನನ್ನೂ ಬರೆದುಕೊಡುವುದಿಲ್ಲ. ವಿಮೆಗೋ ಆಸ್ತಿ ಹಂಚಿಕೆಗೋ ಕಾಗದ ಬೇಕಾದವರು ಬೇರೆ ದಾರಿ ನೋಡಬೇಕು. ಬೆಲೆಯನ್ನೂ ಹೇಳುವುದಿಲ್ಲ. ಇಂಥದ್ದು, ಇಂಥ ಲೋಹದ್ದು ಎನ್ನುವಲ್ಲಿಗೆ ಅವರ ಮಾತು ನಿಲ್ಲುತ್ತದೆ.

ನೋಡಿ ಹೇಳುವುದಕ್ಕೆ ಗಡಿಯಾರವೊಂದಕ್ಕೆ 200 ರೂಪಾಯಿ ತೆಗೆದುಕೊಂಡರು. ಕೆಲಸ ಕೊಟ್ಟವುಗಳಿಗೆ ಅದನ್ನು ಬಿಲ್ಲಿನಲ್ಲಿ ಕಳೆದರು. ಸಿಕ್ಕ ತಿಳಿವಳಿಕೆಗೆ ಇದು ಏನೇನೂ ಅಲ್ಲ.

ಹೋಗುವವರು ಗಡಿಯಾರವನ್ನು ಒರೆಸಿ ತೊಳೆದು ಒಯ್ಯಬೇಡಿ. ಕೊಳೆ ಎಲ್ಲಿ ಕಟ್ಟಿದೆ ಎನ್ನುವುದೂ ಅವರಿಗೆ ಬೇಕು. ಹಳೆಯ ಪೆಟ್ಟಿಗೆ, ಖರೀದಿ ಚೀಟಿ, ಕಳಚಿಟ್ಟ ಪಟ್ಟಿ ಏನಿದ್ದರೂ ಜೊತೆಗಿರಲಿ. ಬೆಳಿಗ್ಗೆ ಹನ್ನೊಂದರ ನಂತರ ಗಿರಾಕಿ ಕಡಿಮೆ ಇರುತ್ತಾರೆ, ಮಾತಿಗೆ ಸಿಗುತ್ತಾರೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರುತ್ತಾರೆ, ಭಾನುವಾರ ಬಾಗಿಲು ತೆರೆಯುವುದಿಲ್ಲ.